ಕಾಲದ ಚೀಟಿ, ಆಟದ ಹೊನ್ನು

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಒಂದೇ ಕೋಣೆಯನ್ನು ಬಾಡಿಗೆಗೆ ಹಿಡಿದು ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳನ್ನು ನಾವು ಕಲ್ಪಿಸಿಕೊಳ್ಳೋಣ. ಇಬ್ಬರೂ ಒಂದೇ ಖಾನಾವಳಿಯಲ್ಲಿ ಉಣ್ಣುವವರು. ತಿಂಗಳ ಮೊದಲಿಗೆ ಹಣ ತೆತ್ತು ಊಟದ ಚೀಟಿಗಳ ಪುಸ್ತಕವನ್ನು ಕೊಳ್ಳುವುದು ಅಲ್ಲಿಯ ಕ್ರಮ. ಒಬ್ಬನಿಗೆ ಮನೆಯಿಂದ ಹಣ ಧಾರಾಳವಾಗಿ ಬರುತ್ತದೆ. ಆದರೆ ಪಾಠದ ಟಿಪ್ಪಣಿಗಳನ್ನು ಬರೆದುಕೊಳ್ಳಲು ಅವನಿಗೆ ಪುರಸೊತ್ತಿಲ್ಲ. ಇನ್ನೊಬ್ಬನಿಗೆ ಹಣದ ಅಡಚಣೆ. ಆದರೆ ಸಂಜೆಯ ವೇಳೆಯೆಲ್ಲ ಅವನದೇ. ಮೊದಲಿನವನು ಹತ್ತು ಚೀಟಿಗಳನ್ನು ಹರಿದುಕೊಡುತ್ತಾನೆ. ಎರಡನೆಯವನು ಟಿಪ್ಪಣಿಗಳನ್ನು ಅಂದವಾಗಿ ನಕಲು ಮಾಡಿಕೊಡುತ್ತಾನೆ. ಇಬ್ಬರಿಗೂ ತೃಪ್ತಿ. ಖಾನಾವಳಿಯ ಯಜಮಾನನಿಗೂ ನಷ್ಟವಿಲ್ಲ. ಏಕೆಂದರೆ ಚೀಟಿಯ ಹಣ ಅವನ ಪೆಟ್ಟಿಗೆಯನ್ನು ಸೇರಿ ಆಗಲೇ ಹಲವು ದಿನಗಳಾಗಿವೆ. ರೊಟ್ಟಿಯನ್ನು ಯಾರು ತಿಂದರೇನು?

ಈ ಸಣ್ಣ ವಿನಿಮಯದಲ್ಲಿ ಹಣ, ಕಾಲ, ದುಡಿಮೆ ಎಂಬ ಮೂರು ವಸ್ತುಗಳು ಕೈ ಬದಲಾಯಿಸಿದುವು. ಗಣಕಯಂತ್ರದ ತೆರೆಯ ಮೇಲೆ ಆಡುವ ಕೆಲವು ಆಟಗಳಲ್ಲಿ ಇದೇ ವಿನಿಮಯವು ಇಂದು ವ್ಯವಸ್ಥಿತವಾದ ಪೇಟೆಯಾಗಿ ಬೆಳೆದಿದೆ. ಅಲ್ಲಿ ಊಟದ ಚೀಟಿಗೆ ಬದಲಾಗಿ ಆಡುವ ಕಾಲದ ಚೀಟಿ. ಟಿಪ್ಪಣಿಗೆ ಬದಲಾಗಿ ಆಟದೊಳಗಿನ ಹೊನ್ನು. ಮೊದಲ ನೋಟಕ್ಕೆ ಇದು ಮಕ್ಕಳಾಟವೆಂದು ತೋರಬಹುದು. ಆದರೆ ನಾಣ್ಯವೆಂದರೇನು, ಬೆಲೆ ಹೇಗೆ ಏರುತ್ತದೆ, ಒಬ್ಬನ ಒಂದು ಗಂಟೆಗೆ ಎಷ್ಟು ಬೆಲೆ ಎಂಬ ಪ್ರಶ್ನೆಗಳನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ.

ಹೊನ್ನಿಗೆ ಬೆಲೆ ಬಂದ ಬಗೆ

ಅಂತರ್ಜಾಲದ ಮೂಲಕ ಸಾವಿರಾರು ಮಂದಿ ಏಕಕಾಲದಲ್ಲಿ ಆಡುವ ಈ ಆಟಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ಪ್ರಪಂಚವಿದೆ. ಅಲ್ಲಿ ಕಾಡುಗಳಿವೆ, ಗಣಿಗಳಿವೆ, ಪೇಟೆಗಳಿವೆ. ಆಟಗಾರನು ಮೃಗಗಳನ್ನು ಬೇಟೆಯಾಡಿ, ಅದಿರನ್ನು ಅಗೆದು, ಆಯುಧಗಳನ್ನು ತಯಾರಿಸಿ ಮಾರಿ ಹೊನ್ನನ್ನು ಗಳಿಸುತ್ತಾನೆ. ಆ ಹೊನ್ನಿನಿಂದ ಇತರರು ತಯಾರಿಸಿದ್ದನ್ನು ಕೊಳ್ಳುತ್ತಾನೆ. ಇದನ್ನೆಲ್ಲ ಆಡಬೇಕಾದರೆ ಸಂಸ್ಥೆಗೆ ತಿಂಗಳಿಗೊಮ್ಮೆ ಚಂದಾ ತೆರಬೇಕು. ಪತ್ರಿಕೆಗೆ ಚಂದಾದಾರರಾಗಿರುವ ನಮ್ಮ ವಾಚಕರಿಗೆ ಈ ಪದ್ಧತಿಯನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಹೊನ್ನು ಗಳಿಸಲು ವೇಳೆ ಬೇಕು. ವೇಳೆಯಿಲ್ಲದ, ಆದರೆ ಹಣವುಳ್ಳ ಆಟಗಾರನು ಏನು ಮಾಡಬೇಕು? ಅವನು ಬಹು ಬೇಗ ಒಂದು ಉಪಾಯವನ್ನು ಕಂಡುಕೊಂಡನು: ಬೇರೊಬ್ಬ ಆಟಗಾರನಿಗೆ ಆಟದ ಹೊರಗೆ ನಿಜವಾದ ಹಣವನ್ನು ಕೊಟ್ಟು, ಆಟದ ಒಳಗೆ ಅವನಿಂದ ಹೊನ್ನನ್ನು ಪಡೆದುಕೊಂಡನು. ಇಂತಹ ಮಾರಾಟಗಳನ್ನು ಮೊತ್ತಮೊದಲು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕಾಸ್ಟ್ರೊನೋವಾ ಒಬ್ಬರು. ಎವರ್‌ಕ್ವೆಸ್ಟ್ ಎಂಬ ಆಟದ ವಸ್ತುಗಳು ಹೊರಗಿನ ಹರಾಜುಗಳಲ್ಲಿ ಯಾವ ಬೆಲೆಗೆ ಮಾರಾಟವಾಗುತ್ತಿವೆಯೆಂಬುದನ್ನು ನೋಡಿ, ಆ ಆಟದಲ್ಲಿ ಒಂದು ಗಂಟೆ ದುಡಿದವನ ಗಳಿಕೆ 3.42 ಡಾಲರಿಗೆ ಸಮವೆಂದು 2001ರಲ್ಲಿ ಅವರು ಲೆಕ್ಕ ಹಾಕಿದರು. ಎಲ್ಲಿಯೂ ಇಲ್ಲದ ಒಂದು ದೇಶದ ತಲಾ ಉತ್ಪನ್ನವು ರಷ್ಯಾಕ್ಕೂ ಬಲ್ಗೇರಿಯಾಕ್ಕೂ ನಡುವೆ ನಿಲ್ಲುತ್ತದೆಂಬ ಅವರ ಮಾತನ್ನು ಕೇಳಿ ಅನೇಕರು ಬೆರಗಾದರು.

ಬೆಲೆ ಇದ್ದ ಕಡೆ ಕೂಲಿಯೂ ಬರುತ್ತದೆ. ಚೀನದೇಶದಲ್ಲಿ ಯುವಕರು ಪಾಳಿಯ ಮೇಲೆ ಕುಳಿತು ಆಟದ ಹೊನ್ನನ್ನು ಅಗೆದು, ಅದನ್ನು ಶ್ರೀಮಂತ ದೇಶಗಳ ಆಟಗಾರರಿಗೆ ಮಾರುವ ಕಾರ್ಖಾನೆಗಳು ಹುಟ್ಟಿಕೊಂಡುವು. ಪ್ರಪಂಚದಲ್ಲಿ ಹೀಗೆ ದುಡಿಯುವವರು ಸುಮಾರು 4 ಲಕ್ಷ ಮಂದಿ ಇರಬಹುದೆಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ರಿಚರ್ಡ್ ಹೀಕ್ಸ್ ಅವರು 2008ರಲ್ಲಿ ಅಂದಾಜು ಮಾಡಿದರು. ಆಟದ ಸಂಸ್ಥೆಗಳಿಗೆ ಇದು ಹಿಡಿಸಲಿಲ್ಲ. ಹೊರಗಿನ ಮಾರಾಟದ ಜೊತೆಗೆ ಮೋಸ, ಇತರರ ಖಾತೆಗಳ ಕಳವು, ಮನುಷ್ಯನ ಬದಲು ಯಂತ್ರವನ್ನೇ ಆಡಲು ಬಿಡುವ ತಂತ್ರ ಇವೆಲ್ಲವೂ ಒಳನುಗ್ಗಿದುವು. ನಿಷೇಧ ಹೇರಿದರೂ ಕಳ್ಳಪೇಟೆ ಮುಚ್ಚಲಿಲ್ಲ. ಏಕೆಂದರೆ ಕೊಳ್ಳುವವನ ಅಗತ್ಯ ಹಾಗೆಯೇ ಉಳಿದಿತ್ತು.

ಕಾಲವನ್ನು ಚೀಟಿಯಾಗಿ ಮಾಡಿದವರು

ಆಗ ಕೆಲವು ಸಂಸ್ಥೆಗಳಿಗೆ ಖಾನಾವಳಿಯ ಯಜಮಾನನ ಬುದ್ಧಿ ಹೊಳೆಯಿತು. ಆಟದ ಪ್ರಪಂಚದಲ್ಲಿ ಪ್ರತಿಯೊಬ್ಬನಿಗೂ ತಪ್ಪದೆ ಬೇಕಾದ ವಸ್ತು ಒಂದೇ. ಅದು ಆಡುವ ಅವಕಾಶ. ಒಬ್ಬನಿಗೆ ಕತ್ತಿ ಬೇಡವಾಗಬಹುದು, ಇನ್ನೊಬ್ಬನಿಗೆ ಹಡಗು ಬೇಡವಾಗಬಹುದು. ಆದರೆ ಬರುವ ತಿಂಗಳು ಆಡುವ ಹಕ್ಕು ಯಾರಿಗೆ ಬೇಡ? ಈ ಹಕ್ಕನ್ನು ಒಂದು ಚೀಟಿಯ ರೂಪಕ್ಕೆ ತಂದು, ಹಣಕ್ಕೆ ಮಾರಿ, ಅದನ್ನು ಆಟದೊಳಗೆ ಹೊನ್ನಿಗೆ ಮಾರಿಕೊಳ್ಳಲು ಅಪ್ಪಣೆ ಕೊಟ್ಟರೆ, ಹಣವುಳ್ಳವನಿಗೆ ಹೊನ್ನು ಸಿಕ್ಕುತ್ತದೆ. ವೇಳೆಯುಳ್ಳವನಿಗೆ ಚಂದಾ ಸಿಕ್ಕುತ್ತದೆ. ಹಣ ಸಂಸ್ಥೆಗೇ ಬರುತ್ತದೆ.

ಐಸ್‌ಲೆಂಡಿನ ರೇಕ್ಯಾವಿಕ್ ನಗರದ ಸಿ.ಸಿ.ಪಿ. ಸಂಸ್ಥೆಯು 2003ರಲ್ಲಿ ಈವ್ ಆನ್‌ಲೈನ್ ಎಂಬ ಆಟವನ್ನು ಹೊರತಂದಿತು. ನಕ್ಷತ್ರಗಳ ನಡುವೆ ಹಡಗುಗಳನ್ನು ನಡೆಸುವ, ಗಣಿಗಾರಿಕೆ, ವ್ಯಾಪಾರ, ಯುದ್ಧಗಳನ್ನು ಮಾಡುವ ಆಟವದು. ಅಲ್ಲಿಯ ನಾಣ್ಯದ ಹೆಸರು ಇಸ್ಕ್. ಐಸ್‌ಲೆಂಡಿನ ನಿಜವಾದ ಕ್ರೋನಾ ನಾಣ್ಯದ ಅಂತಾರಾಷ್ಟ್ರೀಯ ಸಂಕೇತವೂ ಅದೇ ಮೂರಕ್ಷರ. ಈ ಆಟದಲ್ಲಿ ಬಂದ ಪ್ಲೆಕ್ಸ್ ಎಂಬ ಚೀಟಿಯು ಮೊದಲು 30 ದಿನಗಳ ಚಂದಾಕ್ಕೆ ಸಮನಾಗಿತ್ತು. 2017ರಲ್ಲಿ ಒಂದೊಂದು ಚೀಟಿಯನ್ನೂ 500 ಚಿಲ್ಲರೆ ಪ್ಲೆಕ್ಸ್‌ಗಳಾಗಿ ಒಡೆಯಲಾಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನ ಜಾಗೆಕ್ಸ್ ಸಂಸ್ಥೆಯು ರೂನ್‌ಸ್ಕೇಪ್ ಆಟದಲ್ಲಿ 2013ರ ಸೆಪ್ಟೆಂಬರಿನಲ್ಲಿ 14 ದಿನಗಳ ‘ಬಾಂಡ್’ ಪತ್ರವನ್ನು ಆರಂಭಿಸಿತು. ಅಮೆರಿಕದ ಬ್ಲಿಜಾರ್ಡ್ ಸಂಸ್ಥೆಯು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಕ್ಕೆ 2015ರ ಏಪ್ರಿಲ್ 7ರಂದು 30 ದಿನಗಳ ‘ಟೋಕನ್’ ಅನ್ನು ತಂದಿತು. ಅಲ್ಲಿ ಅದರ ಹಣದ ಬೆಲೆ 20 ಡಾಲರು. ಮೊದಲ ದಿನದ ಹೊನ್ನಿನ ಬೆಲೆ 30,000.

ಮೂರರ ತತ್ತ್ವ ಒಂದೇ ಆದರೂ ನಡೆಯುವ ಕ್ರಮ ಬೇರೆ. ಕಲಬುರಗಿಯ ಕೃಷಿ ಮಾರುಕಟ್ಟೆಯಲ್ಲಿ ತೊಗರಿಯ ರಾಶಿಗೆ ಬೆಲೆ ಕಟ್ಟುವವರು ಕೊಳ್ಳುವ ವ್ಯಾಪಾರಿಗಳೇ. ಒಂದೇ ದಿನ ಒಂದು ರಾಶಿಗೆ ಒಂದು ಬೆಲೆ, ಪಕ್ಕದ ರಾಶಿಗೆ ಮತ್ತೊಂದು. ಈವ್ ಆಟದ ಪೇಟೆಯೂ ಹಾಗೆಯೇ. ಪ್ಲೆಕ್ಸನ್ನು ಯಾರು ಬೇಕಾದರೂ ಕೊಳ್ಳಬಹುದು, ಕೂಡಿಡಬಹುದು, ಬೆಲೆ ಏರಿದಾಗ ಮಾರಬಹುದು. ಬ್ಲಿಜಾರ್ಡಿನ ಟೋಕನ್ ಹಾಗಲ್ಲ. ಬೇಡಿಕೆ ಪೂರೈಕೆಗಳನ್ನು ನೋಡಿ ಸಂಸ್ಥೆಯ ಗಣಕಯಂತ್ರವೇ ಹೊತ್ತುಹೊತ್ತಿಗೆ ಬೆಲೆಯನ್ನು ಸಾರುತ್ತದೆ. ಮಾರುವವನು ಚೀಟಿಯನ್ನು ಒಪ್ಪಿಸಿದ ಗಳಿಗೆಯಲ್ಲಿ ಕಂಡ ಬೆಲೆಯು, ಆಮೇಲೆ ಪೇಟೆ ಇಳಿದರೂ, ಅವನಿಗೆ ಖಂಡಿತವಾಗಿ ಸಲ್ಲುತ್ತದೆ. ಒಮ್ಮೆ ಹೊನ್ನು ಕೊಟ್ಟು ಕೊಂಡ ಟೋಕನ್ ಮತ್ತೆ ಮಾರಲು ಬಾರದು. ಹೀಗಾಗಿ ಸಟ್ಟಾ ವ್ಯಾಪಾರಕ್ಕೆ ಎಡೆ ಕಡಮೆ. ರೂನ್‌ಸ್ಕೇಪಿನ ಬಾಂಡ್ ಇವೆರಡರ ನಡುವಿನದು: ಕೊಂಡದ್ದನ್ನು ಮತ್ತೆ ಮಾರಬೇಕೆಂದರೆ ಬೆಲೆಯ ನೂರಕ್ಕೆ 10ರಷ್ಟು ಹೊನ್ನನ್ನು ಸುಂಕವಾಗಿ ತೆರಬೇಕು.

ಚೀಟಿಯನ್ನು ಸ್ವತಂತ್ರವಾಗಿ ಓಡಾಡಲು ಬಿಟ್ಟರೆ ಅದರ ಅಪಾಯವೂ ಸ್ವತಂತ್ರವಾಗಿ ಓಡಾಡುತ್ತದೆ. 2010ರಲ್ಲಿ ಸಿ.ಸಿ.ಪಿ. ಸಂಸ್ಥೆಯು ಪ್ಲೆಕ್ಸನ್ನು ಹಡಗಿನಲ್ಲಿ ಸಾಗಿಸಲು ಅನುಮತಿ ಕೊಟ್ಟಿತು. ಅದೇ ವರ್ಷದ ಆಗಸ್ಟಿನಲ್ಲಿ ಒಬ್ಬ ಆಟಗಾರನು ಒಂದು ಸಣ್ಣ ಹಡಗಿನಲ್ಲಿ 74 ಪ್ಲೆಕ್ಸ್‌ಗಳನ್ನು ತುಂಬಿಕೊಂಡು ಹೊರಟನು. ದಾರಿಯಲ್ಲಿ ಎದುರಾಳಿಗಳು ಆ ಹಡಗನ್ನು ಹೊಡೆದುರುಳಿಸಿದರು. 74 ತಿಂಗಳ, ಎಂದರೆ ಆರು ವರ್ಷಕ್ಕೂ ಮೀರಿದ ಚಂದಾ ಕ್ಷಣದಲ್ಲಿ ಭಸ್ಮವಾಯಿತು. ಅದರ ಬೆಲೆ ಸಾವಿರ ಡಾಲರುಗಳಿಗೂ ಹೆಚ್ಚು. ಆಟಗಾರನಿಗೆ ಇದು ನಷ್ಟ. ಸಂಸ್ಥೆಗೋ ಒಂದು ಸಾಲದಿಂದ ಮುಕ್ತಿ! ಏಕೆಂದರೆ ಮಾರಾಟವಾಗಿಯೂ ಬಳಕೆಯಾಗದ ಚೀಟಿಯೆಂದರೆ, ಸಂಸ್ಥೆಯು ಮುಂದೆ ಸಲ್ಲಿಸಬೇಕಾದ ಸೇವೆಯ ಋಣಪತ್ರ. ಊಟದ ಚೀಟಿಯನ್ನು ಕಳೆದುಕೊಂಡವನು ಖಾನಾವಳಿಯ ಯಜಮಾನನಿಗೆ ಒಂದು ಊಟವನ್ನು ಉಳಿಸಿಕೊಟ್ಟಂತೆ.

ಹಾಲಿ ಸಿಕ್ಕವೂ ಕಲದಾರವೂ

ಎರಡು ನಾಣ್ಯಗಳು ಎದುರುಬದುರಾದಾಗ ವಿನಿಮಯದ ದರ ಹುಟ್ಟುತ್ತದೆ. ಇದು ಕಲಬುರಗಿಗೆ ಹೊಸತಲ್ಲ. ಈ ಪ್ರದೇಶವು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಾಗ ಇಲ್ಲಿ ನಿಜಾಮರ ಹಾಲಿ ಸಿಕ್ಕ ರೂಪಾಯಿ ನಡೆಯುತ್ತಿತ್ತು; ಬ್ರಿಟಿಷ್ ಸರ್ಕಾರದ ರೂಪಾಯಿಗೆ ಜನರು ಕಲದಾರವೆಂದು ಹೇಳುತ್ತಿದ್ದರು. ಆರು ಕಲದಾರಕ್ಕೆ ಏಳು ಹಾಲಿ ಎಂಬುದು ರೂಢಿಯ ದರ. ಎಂದರೆ 100 ಕಲದಾರ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಸಂಸ್ಥಾನವು ಭಾರತದಲ್ಲಿ ವಿಲೀನವಾದ ಮೇಲೂ ಕೆಲವು ವರ್ಷಗಳ ಕಾಲ ಎರಡು ನಾಣ್ಯಗಳೂ ಜೊತೆಜೊತೆಯಾಗಿ ನಡೆದು, 1959ರಲ್ಲಿ ಹಾಲಿ ಸಿಕ್ಕವು ಸಂಪೂರ್ಣವಾಗಿ ನಿಂತಿತು. ಎಂಬತ್ತರ ಆಸುಪಾಸಿನ ಹಿರಿಯರು ಯಾರಾದರೂ ಮನೆಯಲ್ಲಿದ್ದರೆ ವಾಚಕರು ಅವರನ್ನು ಕೇಳಿ ನೋಡಬಹುದು.

ಹಾಲಿಗೂ ಕಲದಾರಕ್ಕೂ ಇದ್ದ ಸಂಬಂಧ ಬಹುಮಟ್ಟಿಗೆ ಸ್ಥಿರವಾದುದು. ಎರಡರ ಹಿಂದೆಯೂ ಒಂದೊಂದು ಸರ್ಕಾರವಿತ್ತು. ಮೇಲಾಗಿ ಎರಡು ಕಡೆಗೂ ವಿನಿಮಯ ನಡೆಯುತ್ತಿತ್ತು. ಆಟದ ಹೊನ್ನಿಗೂ ನಮ್ಮ ರೂಪಾಯಿಗೂ ಇರುವ ಸಂಬಂಧ ಹಾಗಲ್ಲ. ಅದರ ದರ ದಿನದಿನವೂ ಅಲುಗಾಡುತ್ತದೆ. ಮತ್ತು ವಿನಿಮಯದ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಈ ಎರಡು ಭೇದಗಳನ್ನು ಒಂದೊಂದಾಗಿ ನೋಡೋಣ.

ಒರತೆಯೂ ತೂಬೂ

ದರವು ಏಕೆ ಅಲುಗಾಡುತ್ತದೆ? ಇದನ್ನು ತಿಳಿಯಲು ಆಟದ ಪ್ರಪಂಚವನ್ನು ಒಂದು ಕೆರೆಯೆಂದು ಭಾವಿಸಬೇಕು. ಆಟಗಾರನೊಬ್ಬನು ರಾಕ್ಷಸನನ್ನು ಕೊಂದಾಗ ಅವನ ಚೀಲಕ್ಕೆ ಬೀಳುವ ಹೊನ್ನು ಬೇರೆ ಯಾರ ಚೀಲದಿಂದಲೂ ಬಂದುದಲ್ಲ. ಅದು ಆ ಕ್ಷಣದಲ್ಲಿ ಹೊಸದಾಗಿ ಹುಟ್ಟಿತು. ಇದು ಕೆರೆಯ ಒರತೆ. ಆಟಗಾರನು ಆಯುಧವನ್ನು ರಿಪೇರಿ ಮಾಡಿಸಲು ಆಟಕ್ಕೇ ತೆರುವ ಹೊನ್ನು ಯಾರ ಕೈಯನ್ನೂ ಸೇರದೆ ಇಲ್ಲವಾಗುತ್ತದೆ. ಇದು ತೂಬು. ಒರತೆಯು ತೂಬಿಗಿಂತ ಹೆಚ್ಚಾದರೆ ಹೊನ್ನು ತುಂಬಿ, ಒಂದೊಂದು ಹೊನ್ನಿನ ಬೆಲೆ ಕುಗ್ಗುತ್ತದೆ. ಪದಾರ್ಥಗಳ ಬೆಲೆ ಏರುತ್ತದೆ. ನಮ್ಮ ಪ್ರಪಂಚದ ಹಣದುಬ್ಬರವೂ ಇದೇ ಜಾತಿಯದು.

ಕಾಲದ ಚೀಟಿಯ ವಿಶೇಷವೇನೆಂದರೆ, ಅದರ ಮಾರಾಟದಿಂದ ಕೆರೆಗೆ ಒಂದು ತೊಟ್ಟೂ ಹೊಸ ನೀರು ಬೀಳುವುದಿಲ್ಲ. ಸಂಸ್ಥೆಯು ತಾನೇ ಹೊನ್ನನ್ನು ಅಚ್ಚುಹಾಕಿ ಮಾರಿದ್ದರೆ ಕೆರೆ ಉಕ್ಕುತ್ತಿತ್ತು. ಇಲ್ಲಿಯೋ, ಒಬ್ಬನಲ್ಲಿದ್ದ ಹೊನ್ನು ಇನ್ನೊಬ್ಬನಿಗೆ ಹೋಗುತ್ತದೆ, ಅಷ್ಟೇ. ರೂನ್‌ಸ್ಕೇಪಿನ ನೂರಕ್ಕೆ ಹತ್ತರ ಸುಂಕವು ಸ್ವಲ್ಪ ನೀರನ್ನು ತೂಬಿನಿಂದ ಹೊರಕ್ಕೂ ಬಿಡುತ್ತದೆ.

ಆದುದರಿಂದ ಚೀಟಿಯ ಹೊನ್ನಿನ ಬೆಲೆಯು ಆಟದ ಪ್ರಪಂಚಕ್ಕೆ ಒಂದು ವಾಯುಭಾರಮಾಪಕವಿದ್ದಂತೆ. ಡಾಲರಿನ ಬೆಲೆ ಬದಲಾಗದೆ ಹೊನ್ನಿನ ಬೆಲೆ ಮಾತ್ರ ಏರುತ್ತಿದ್ದರೆ, ಹೊನ್ನು ಹೆಚ್ಚುತ್ತಿದೆ, ಇಲ್ಲವೆ ಚೀಟಿಗೆ ಹೊಸ ಬೇಡಿಕೆ ಬಂದಿದೆ ಎಂದರ್ಥ. 2017ರ ಫೆಬ್ರವರಿಯಲ್ಲಿ ಬ್ಲಿಜಾರ್ಡ್ ಸಂಸ್ಥೆಯು, ಟೋಕನ್ನಿನಿಂದ ಚಂದಾ ಮಾತ್ರವಲ್ಲದೆ ತನ್ನ ಇತರ ಆಟಗಳನ್ನೂ ಕೊಳ್ಳಬಹುದೆಂದು ಸಾರಿತು. ಒಡನೆಯೇ ಅಮೆರಿಕದ ಪೇಟೆಯಲ್ಲಿ ಟೋಕನ್ನಿನ ಬೆಲೆ ಒಂದು ಲಕ್ಷ ಹೊನ್ನನ್ನು ದಾಟಿತು. ಚೀಟಿ ಅದೇ, ಅದರ ಉಪಯೋಗ ಮಾತ್ರ ವಿಸ್ತಾರವಾಗಿತ್ತು. ಇಂತಹ ಏರಿಳಿತಗಳನ್ನು ಗಮನಿಸುವುದಕ್ಕಾಗಿಯೇ ಸಿ.ಸಿ.ಪಿ. ಸಂಸ್ಥೆಯು 2007ರಲ್ಲಿ ಎಯೋಲ್ಫುರ್ ಗುಡ್ಮುಂಡ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ನೇಮಿಸಿಕೊಂಡಿತ್ತು. 2014ರ ಜನವರಿಯಲ್ಲಿ ಈವ್ ಆಟದಲ್ಲಿ ನಡೆದ ಒಂದು ಮಹಾಯುದ್ಧದ ನಷ್ಟವು ಸುಮಾರು 3 ಲಕ್ಷ ಡಾಲರೆಂದು ಪತ್ರಿಕೆಗಳು ವರದಿ ಮಾಡಿದುವು. ಮುಳುಗಿದ ಹಡಗುಗಳೆಲ್ಲ ಇಸ್ಕಿನಲ್ಲಿ ಬೆಲೆಯುಳ್ಳವು. ಅವನ್ನು ಡಾಲರಿಗೆ ತಿರುಗಿಸಲು ಸಾಧ್ಯವಾದುದು ಪ್ಲೆಕ್ಸ್ ಎಂಬ ಅಳತೆಗೋಲು ಇದ್ದುದರಿಂದಲೇ.

ಒಮ್ಮುಖದ ಬಾಗಿಲು

ಇನ್ನು ಎರಡನೆಯ ಭೇದ. ಹಣದಿಂದ ಚೀಟಿ, ಚೀಟಿಯಿಂದ ಹೊನ್ನು, ಹೊನ್ನಿನಿಂದ ಚೀಟಿ, ಚೀಟಿಯಿಂದ ಕಾಲ: ಇಲ್ಲಿಗೆ ದಾರಿ ಮುಗಿಯಿತು. ಹೊನ್ನಿನಿಂದ ಮತ್ತೆ ಹಣಕ್ಕೆ ಬರುವ ದಾರಿಯನ್ನು ಸಂಸ್ಥೆಗಳು ತೆರೆದಿಲ್ಲ. ಈವ್ ಆಟದಲ್ಲಿ ಒಂದು ಅಪವಾದ ಮಾತ್ರ ಉಂಟು: 2010ರಲ್ಲಿ ಹೈಟಿಯ ಭೂಕಂಪವಾದಾಗ, 2011ರಲ್ಲಿ ಜಪಾನಿನ ಭೂಕಂಪವಾದಾಗ, ಆಟಗಾರರು ದಾನಮಾಡಿದ ಪ್ಲೆಕ್ಸ್‌ಗಳನ್ನು ಸಂಸ್ಥೆಯು ಹಣವಾಗಿ ಪರಿವರ್ತಿಸಿ ಪರಿಹಾರ ಕಾರ್ಯಕ್ಕೆ ಕಳುಹಿಸಿತು.

ಈ ಒಮ್ಮುಖದ ಬಾಗಿಲಿನ ಪರಿಣಾಮವನ್ನು ವೆನೆಜುವೇಲಾ ದೇಶದ ನಿದರ್ಶನದಿಂದ ಅರಿಯಬಹುದು. 2017ರ ವೇಳೆಗೆ ಆ ದೇಶದ ನಾಣ್ಯವು ಕುಸಿದು, ತಿಂಗಳ ಸಂಬಳದಿಂದ ಹೊಟ್ಟೆ ತುಂಬದಂತಾದಾಗ, ಅನೇಕರು ರೂನ್‌ಸ್ಕೇಪ್ ಆಟದ ಹೊನ್ನನ್ನು ಗಳಿಸಿ ಹೊರಗೆ ಡಾಲರಿಗೆ ಮಾರತೊಡಗಿದರು. ಬಾಂಡ್ ಎಂಬ ನ್ಯಾಯವಾದ ದಾರಿ ಅದೇ ಆಟದಲ್ಲಿತ್ತಲ್ಲವೆ? ಇತ್ತು; ಆದರೆ ಬಾಂಡಿನಿಂದ ಸಿಕ್ಕುವುದು 14 ದಿನಗಳ ಆಟ. ಹಸಿದವನಿಗೆ ಬೇಕಾದುದು ಆಟವಲ್ಲ, ಅನ್ನ. ಕಾಲದ ಚೀಟಿಯು ವಿರಾಮವುಳ್ಳವನಿಗೆ ಉಪಕಾರಿ. ಜೀವನೋಪಾಯಕ್ಕಾಗಿ ಆಡುವವನನ್ನು ಅದು ಕಳ್ಳಪೇಟೆಯಲ್ಲಿಯೇ ಬಿಟ್ಟಿತು.

ಹಾಗಾದರೆ ಬಾಗಿಲನ್ನು ಎರಡು ಕಡೆಗೂ ತೆರೆಯಬಾರದೇಕೆ? ಇಲ್ಲಿ ಜೂಜಿನ ಪ್ರಶ್ನೆ ತಲೆಯೆತ್ತುತ್ತದೆ. ಹಣ ಹಾಕಿ ಹಣ ತೆಗೆಯಬಹುದಾದ ಆಟವು ಪಣದ ಆಟವಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಕರ್ನಾಟಕವು 2021ರಲ್ಲಿ ಪೊಲೀಸು ಕಾಯಿದೆಯನ್ನು ತಿದ್ದಿ ಹಣವನ್ನು ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯದ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಗೊಳಿಸಿತು. ತರುವಾಯ 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಬಗೆಗೆ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಹಣ ಗೆಲ್ಲುವ ನಿರೀಕ್ಷೆಯಿಂದ ಹಣ ಹೂಡಿ ಆಡುವುದನ್ನು ಅದು ನಿಷೇಧಿಸುತ್ತದೆ. ಕೇವಲ ಪ್ರವೇಶಕ್ಕಾಗಿ ಚಂದಾ ಪಡೆಯುವ ಮನೋರಂಜನೆಯ ಆಟವನ್ನು ಬೇರೆಯಾಗಿ ಕಾಣುತ್ತದೆ. ಹಣಕ್ಕೆ ಪರಿವರ್ತಿಸಬಹುದಾದ ನಾಣ್ಯ, ಟೋಕನ್ ಮೊದಲಾದುವನ್ನು ಹಣದಂತೆಯೇ ಪಣವೆಂದು ಅದು ಎಣಿಸುತ್ತದೆ. ಆದುದರಿಂದ ಬಾಗಿಲು ಯಾವ ಕಡೆಗೆ ತೆರೆಯುತ್ತದೆಂಬುದು ನಮ್ಮ ದೇಶದಲ್ಲಿ ಕಾನೂನಿನ ಪ್ರಶ್ನೆಯೂ ಹೌದು.

ಒಂದು ಭಾಗಾಕಾರ

ಕೊನೆಯದಾಗಿ ನಾವು ಖೂಬಾ ಪ್ಲಾಟಿನ ಆ ಕೋಣೆಗೆ ಹಿಂದಿರುಗೋಣ. ವೇಳೆಯುಳ್ಳ ಆ ವಿದ್ಯಾರ್ಥಿಯು ಟಿಪ್ಪಣಿಯ ನಕಲನ್ನು ಬಿಟ್ಟು ಇಂತಹ ಆಟವೊಂದರಲ್ಲಿ ತೊಡಗಿದ್ದಾನೆನ್ನೋಣ. ‘ನಾನು ಒಂದು ಕಾಸನ್ನೂ ಕೊಡದೆ ಆಡುತ್ತೇನೆ, ಹೊನ್ನು ಗಳಿಸಿ ಚೀಟಿ ಕೊಳ್ಳುತ್ತೇನೆ’ ಎಂದು ಅವನು ಹೆಮ್ಮೆಯಿಂದ ಹೇಳುತ್ತಾನೆ. ಈ ಮಾತು ನಿಜವೆ? ಒಂದು ಸಣ್ಣ ಲೆಕ್ಕದಿಂದ ಪರೀಕ್ಷಿಸಬಹುದು.

ಟೋಕನ್ನಿನ ಮೊದಲ ದಿನದ ಬೆಲೆಯನ್ನೇ ತೆಗೆದುಕೊಳ್ಳೋಣ: 30,000 ಹೊನ್ನು. ಅವನು ಗಂಟೆಗೆ 1,500 ಹೊನ್ನು ಗಳಿಸಬಲ್ಲನೆಂದು ಇಟ್ಟುಕೊಳ್ಳೋಣ. ಭಾಗಿಸಿದರೆ 20 ಗಂಟೆ. ಇದರಿಂದ ಅವನಿಗೆ ಉಳಿದುದೆಷ್ಟು? ಚೀಟಿಯನ್ನು ಮಾರಿದವನು ತೆತ್ತುದು 20 ಡಾಲರು. ಆದರೆ ನೇರವಾಗಿ ಚಂದಾ ಕಟ್ಟಿದ್ದರೆ ತಿಂಗಳಿಗೆ ತಗಲುತ್ತಿದ್ದುದು ಸುಮಾರು 15 ಡಾಲರು ಮಾತ್ರ. ಮಧ್ಯದ 5 ಡಾಲರು ಸಂಸ್ಥೆಯ ಪಾಲು. ಆದುದರಿಂದ ನಮ್ಮ ವಿದ್ಯಾರ್ಥಿಯು 20 ಗಂಟೆ ದುಡಿದು 15 ಡಾಲರನ್ನು ಉಳಿಸಿದನು. ಗಂಟೆಗೆ ಮುಕ್ಕಾಲು ಡಾಲರು. ಹೊನ್ನಿನ ಬೆಲೆ ಏರಿ, ಅವನ ಗಳಿಕೆ ಇದ್ದಷ್ಟೇ ಇದ್ದರೆ, ಗಂಟೆಗಳು ಹೆಚ್ಚುತ್ತವೆ. ಕೂಲಿ ಇನ್ನೂ ಇಳಿಯುತ್ತದೆ. ಚೀಟಿಯ ಬೆಲೆ ಇಮ್ಮಡಿಯಾದ ದಿನ ಅವನ ಒಂದು ಗಂಟೆಯ ಬೆಲೆ ಅರ್ಧವಾಯಿತೆಂದು ಯಾರೂ ಬಂದು ಅವನಿಗೆ ಹೇಳುವುದಿಲ್ಲ.

ಇದರಿಂದ ಆಟವಾಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆ 20 ಗಂಟೆಗಳು ಸಂತೋಷದಿಂದ ಕಳೆದಿದ್ದರೆ ಕೂಲಿಯ ಮಾತೇ ಅಪ್ರಸ್ತುತ. ಸಂಜೆ ಮೈದಾನದಲ್ಲಿ ಕ್ರಿಕೆಟ್ ಆಡಿ ಬಂದವನನ್ನು ನೀನೆಷ್ಟು ಗಳಿಸಿದೆ ಎಂದು ಯಾರು ಕೇಳುತ್ತಾರೆ? ಆದರೆ ತಿಂಗಳ ಕೊನೆ ಹತ್ತಿರ ಬಂದಿತು, ಚೀಟಿ ಕೊಳ್ಳಲು ಹೊನ್ನು ಸಾಲದು ಎಂಬ ಆತಂಕದಿಂದ, ಮನಸ್ಸಿಲ್ಲದಿದ್ದರೂ ನಡುರಾತ್ರಿಯವರೆಗೆ ಅದೇ ಗಣಿಯನ್ನು ಅಗೆಯುತ್ತಿದ್ದರೆ ಅದನ್ನು ಆಟವೆನ್ನುವುದು ಕಷ್ಟ. ಆಗ ಅವನು ತಾನು ಕಂಡರಿಯದ ಒಬ್ಬ ಧನಿಕ ಆಟಗಾರನಿಗೆ ಕೆಲಸ ಮಾಡುತ್ತಿದ್ದಾನೆ. ದರ ಗೊತ್ತಿಲ್ಲದೆ ಮಾಡುತ್ತಿದ್ದಾನೆ.

ಟಿಪ್ಪಣಿಯನ್ನು ನಕಲು ಮಾಡಿಕೊಟ್ಟವನಿಗೆ ಹತ್ತು ಊಟಗಳ ಜೊತೆಗೆ ಇನ್ನೊಂದು ಲಾಭವೂ ಇತ್ತು: ಬರೆಯುತ್ತ ಬರೆಯುತ್ತ ಪಾಠವೂ ಅವನ ತಲೆಗೆ ಹತ್ತಿತು. ಎರಡು ದುಡಿಮೆಗಳನ್ನು ತೂಗಿ ನೋಡುವಾಗ ಇದನ್ನೂ ತಕ್ಕಡಿಯಲ್ಲಿ ಇಡಬೇಕು. ಕಾಲದ ಚೀಟಿಯು ಜಾಣತನದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಬಳಸುವ ನಮ್ಮ ತರುಣರು ಆಟಕ್ಕೆ ಕೂರುವ ಮೊದಲು ಮೇಲಿನ ಭಾಗಾಕಾರವನ್ನು ಒಂದು ತುಂಡು ಕಾಗದದ ಮೇಲೆ ತಮ್ಮ ತಮ್ಮ ಅಂಕಿಗಳಿಂದ ಒಮ್ಮೆ ಮಾಡಿ ನೋಡಲಿ. ಅದಕ್ಕೆ ಬೇಕಾಗುವುದು ಎರಡು ನಿಮಿಷ ಮಾತ್ರ.